ಮೀನಿನ ತೊಟ್ಟಿಯಲ್ಲಿ ಮಾಸ್ ಮಿತಿಮೀರಿದರೆ

ಮಕ್ಕಳ ಹಟಕ್ಕೆ ಮಣಿದು ಮನೆಗೆ ತರುವ ಮೀನಿನ ತೊಟ್ಟಿಯ ಜೊತೆಗೆ ಅಂಗಡಿಯವರು ಒಂದು ಹಿಡಿ ಹಸಿರು ಎಳೆಗಳನ್ನೂ ಕೊಟ್ಟು ಕಳಿಸುವುದುಂಟು. ಅದೇ ಜಾವಾ ಮಾಸ್. ಮೊದಲ ಕೆಲವು ವಾರ ತೆಪ್ಪಗಿರುವ ಈ ಗಿಡ ಒಮ್ಮೆ ನೆಲೆಯೂರಿತೆಂದರೆ ಕಲ್ಲು, ಕಟ್ಟಿಗೆ, ಫಿಲ್ಟರಿನ ಬಾಯಿ ಎಲ್ಲವನ್ನೂ ಆವರಿಸುತ್ತದೆ. ಬೆರಳು ಕೊಟ್ಟರೆ ಹಸ್ತ ನುಂಗುವ ಜಾತಿ ಇದು.

ಆಗ್ನೇಯ ಏಷ್ಯಾದ ಈ ಸಸ್ಯದ ವೈಜ್ಞಾನಿಕ ಹೆಸರು ಟ್ಯಾಕ್ಸಿಫಿಲಮ್ ಬಾರ್ಬಿಯೇರಿ. ಶಾಲೆಯ ಪುಸ್ತಕದಲ್ಲಿ ಬ್ರಯೋಫೈಟಾ ಎಂದು ಓದುವ ಗುಂಪಿಗೆ ಸೇರಿದ್ದು. ಇದಕ್ಕೆ ನಿಜವಾದ ಬೇರಿಲ್ಲ. ಕಲ್ಲನ್ನು ಹಿಡಿದುಕೊಳ್ಳಲು ನೂಲಿನಂಥ ರೈಜಾಯ್ಡ್‌ಗಳಿವೆ, ಅಷ್ಟೆ. ಲವಣಗಳನ್ನು ಎಲೆಯ ಮೈಯಿಂದಲೇ ಹೀರಿಕೊಳ್ಳುತ್ತದೆ. ಬೇರಿನ ಹಂಗಿಲ್ಲದ್ದರಿಂದ, ಕತ್ತರಿಸಿ ಬಿದ್ದ ಚೂರೂ ಹೊಸ ಗಿಡವಾಗಬಲ್ಲದು. ಕಿತ್ತಷ್ಟೂ ಹರಡುವುದರ ಗುಟ್ಟು ಇಲ್ಲಿದೆ.

ಹಾಗೆಂದು ಮಾಸ್ ಶತ್ರುವಲ್ಲ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಬದಲಿಸುತ್ತವೆ. ಆ ನೈಟ್ರೇಟಿನ ಒಂದಂಶವನ್ನು ಮಾಸ್ ಹೀರುತ್ತದೆ. ಗಪ್ಪಿ ಮರಿಗಳಿಗೆ ಅದೇ ಅಡಗುತಾಣ. ತೊಂದರೆ ಶುರುವಾಗುವುದು ಅದು ದಟ್ಟವಾದಾಗ. ಒಳಗೆ ನೀರು ಹರಿಯದೆ ಉಳಿದ ಆಹಾರ, ಹೊಲಸು ಅಲ್ಲೇ ಕೊಳೆಯುತ್ತವೆ. ಹಗಲು ಆಮ್ಲಜನಕ ಕೊಡುವ ಗಿಡ ರಾತ್ರಿ ಮೀನಿನಂತೆಯೇ ಆಮ್ಲಜನಕವನ್ನು ಬಳಸುತ್ತದೆ. ಫಿಲ್ಟರೂ ಕಟ್ಟಿಕೊಂಡಿದ್ದರೆ ಬೆಳಗಿನ ಜಾವಕ್ಕೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿರುತ್ತವೆ. ಅದು ಆಟವಲ್ಲ, ಉಸಿರಿಗಾಗಿ ಒದ್ದಾಟ.

ಅತಿಯಾದ ಬೆಳವಣಿಗೆಗೆ ಮುಖ್ಯ ಕಾರಣ ಎರಡು: ಹೆಚ್ಚು ಬೆಳಕು, ಹೆಚ್ಚು ಆಹಾರ. ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ದೂರವಿಡಬೇಕು. ದೀಪ ದಿನಕ್ಕೆ 6ರಿಂದ 8 ಗಂಟೆ ಉರಿದರೆ ಸಾಕು. ಎರಡು ಮೂರು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ನಲ್ಲಿ ನೀರಿನ ಕ್ಲೋರಿನ್ ಮೀನಿಗೆ ವಿಷ. ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ಇಲ್ಲವೇ ಕ್ಲೋರಿನ್ ನಿವಾರಕ ದ್ರಾವಣ ಬೆರೆಸಿ ಬಳಸಬೇಕು.

ಇನ್ನು ಕತ್ತರಿಸುವ ಕೆಲಸ. ತೊಟ್ಟಿಗೆ ಕೈ ಹಾಕುವ ಮುನ್ನ ಫಿಲ್ಟರ್, ಹೀಟರ್, ದೀಪ ಮೂರರ ಪ್ಲಗ್ಗನ್ನೂ ತೆಗೆಯಬೇಕು. ಈ ಕೆಲಸವನ್ನು ದೊಡ್ಡವರೇ ಮಾಡುವುದು ಮೇಲು. ಮಾಸ್ ಅಂಟಿದ ಕಲ್ಲನ್ನು ತೊಟ್ಟಿಯ ನೀರನ್ನೇ ತುಂಬಿದ ಬಕೆಟ್ಟಿಗಿಟ್ಟು, ಅಲ್ಲಿ ಕತ್ತರಿಯಿಂದ ಕತ್ತರಿಸಿದರೆ ಚೂರುಗಳು ತೊಟ್ಟಿಗೆ ಬೀಳವು. ಒಮ್ಮೆಗೆ ಮೂರನೆಯ ಒಂದು ಭಾಗ ತೆಗೆದರೆ ಸಾಕು. ತೇಲುವ ಎಳೆಗಳನ್ನು ಸಣ್ಣ ಬಲೆಯಿಂದ, ತಳಕ್ಕಿಳಿದವನ್ನು ರಬ್ಬರ್ ಕೊಳವೆಯಿಂದ ಹೊರತೆಗೆಯಬಹುದು. ಫಿಲ್ಟರಿನ ಬಾಯಿಗೆ ಸ್ಪಂಜು ಕಟ್ಟುವುದು ಒಳ್ಳೆಯದು. ಬ್ಲೀಚಿಂಗ್ ಪುಡಿ, ತಾಮ್ರ ಬೆರೆತ ಔಷಧಿಗಳ ಗೊಡವೆ ಬೇಡ. ಮೊದಲನೆಯದು ಮೀನನ್ನೂ, ಎರಡನೆಯದು ಸಿಗಡಿ, ಬಸವನಹುಳುಗಳನ್ನೂ ಕೊಲ್ಲಬಲ್ಲದು.

ಕತ್ತರಿಸಿದ ಮಾಸನ್ನು ಎಲ್ಲಿ ಹಾಕಬೇಕು? ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದ ಸಮುದ್ರದಲ್ಲಿ 1984ರಲ್ಲಿ ಕೌಲರ್ಪಾ ಎಂಬ ಅಕ್ವೇರಿಯಂ ಪಾಚಿಯ ಒಂದು ಸಣ್ಣ ತುಣುಕು ಕಂಡಿತು. ಕೆಲವೇ ವರ್ಷಗಳಲ್ಲಿ ಅದು ಮೆಡಿಟರೇನಿಯನ್ ತೀರದ ಹಲವೆಡೆ ಹರಡಿ ಕಡಲತಳದ ಹುಲ್ಲುಗಾವಲುಗಳನ್ನು ಮುಚ್ಚಿತು. ಅದೇ ಪಾಚಿ 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಕಾಣಿಸಿಕೊಂಡಾಗ, ನಿರ್ಮೂಲವಾಯಿತೆಂದು ಘೋಷಿಸಲು 2006 ಬರಬೇಕಾಯಿತು. ನಮ್ಮ ಕೆರೆಗಳನ್ನು ಮುಚ್ಚಿರುವ ನೀಲಿ ಹೂವಿನ ಅಂತರಗಂಗೆಯೂ ದಕ್ಷಿಣ ಅಮೆರಿಕದಿಂದ ಅಂದದ ಗಿಡವೆಂದೇ ದೇಶದೇಶ ಸುತ್ತಿದ್ದು.

ಆದ್ದರಿಂದ ಮಾಸನ್ನು ಕೆರೆಗಾಗಲಿ ಚರಂಡಿಗಾಗಲಿ ಎಸೆಯಬಾರದು. ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ ಹೂಕುಂಡದ ಗೊಬ್ಬರಕ್ಕೆ ಬೆರೆಸಬಹುದು. ಬಕೆಟ್ಟಿನ ನೀರನ್ನು ಗಿಡದ ಬುಡಕ್ಕೆ ಸುರಿದರಾಯಿತು. ತೊಟ್ಟಿಯ ಅಂದದ ಜೊತೆಗೆ ಊರ ಕೆರೆಯ ಹೊಣೆಯೂ ಮಕ್ಕಳಿಗೆ ಹೀಗೆ ಮನೆಯಲ್ಲೇ ತಿಳಿಯುತ್ತದೆ.