ಮಂತ್ರಕ್ಕೊಂದು ಮೇರೆ

ಬೇಸಿಗೆಯ ಸೂಟಿಯಲ್ಲಿ ತಿಕೋಟಾದಿಂದ ಮಗಳ ಮಕ್ಕಳೂ ಬಬಲೇಶ್ವರದಿಂದ ತಮ್ಮನ ಮೊಮ್ಮಕ್ಕಳೂ ವಿಜಯಪುರದ ನಮ್ಮ ಮನೆಯಲ್ಲಿ ಸೇರುವದು ವರ್ಷದ ಪದ್ಧತಿ. ಈ ಸಾರೆ ಅವರು ಹೊಸದೊಂದು ಆಟ ಹೂಡಿದರು. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಸರದಿಯಂತೆ ಮಾತಾಡುತ್ತ ಒಂದೇ ಕಥೆಯನ್ನು ಬೆಳೆಸುವದು. ಕಥೆಯ ನೆಲೆ ಮಾಂತ್ರಿಕರಿಂದ ತುಂಬಿದ ಹಳೆಯ ವಿಜಾಪುರ. ಎರಡನೆಯ ದಿನವೇ ಆಟ ಮುರಿಯಿತು. ಹಿರಿಯ ಹುಡುಗನು ಪ್ರತಿಯೊಂದು ಸಂಕಟಕ್ಕೂ ಒಂದು ಮಂತ್ರ ಹೇಳಿ ಗೆದ್ದುಬಿಡುವನು. ಎಂಟು ವರ್ಷದ ಹುಡುಗಿಯು ನಮ್ಮ ಬಳಿ ಬಂದು, “ಅಜ್ಜಾ, ಅವನ ಮಂತ್ರದ ಮುಂದ ನನಗ ಮಾಡಾಕ ಏನೂ ಉಳಿಯೂದಿಲ್ಲ” ಎಂದು ಅತ್ತಳು.

ದೂರು ನ್ಯಾಯವಾದದ್ದು. ಎಲ್ಲವನ್ನೂ ಮಾಡಬಲ್ಲ ಮಂತ್ರವು ಮೊದಲು ಕಥೆಯನ್ನೇ ನುಂಗುವದು. ಮಹಾಭಾರತಕಾರರು ಇದನ್ನು ಚೆನ್ನಾಗಿ ಬಲ್ಲರು. ಇಂದ್ರನು ಕರ್ಣನಿಗಿತ್ತ ಶಕ್ತ್ಯಾಯುಧವು ಒಂದೇ ಸಾರೆ ನಡೆಯತಕ್ಕದ್ದು. ಅರ್ಜುನನಿಗೆಂದು ಕಾದಿಟ್ಟದ್ದು ಘಟೋತ್ಕಚನ ಮೇಲೆ ವೆಚ್ಚವಾಯಿತು. ಅಶ್ವತ್ಥಾಮನು ಅಸ್ತ್ರವನ್ನು ಬಿಡಬಲ್ಲನು, ಹಿಂದೆಗೆಯಲಾರನು. ಕಚನ ಸಂಗತಿ ಇನ್ನೂ ಸ್ವಾರಸ್ಯದ್ದು. ಸಂಜೀವಿನೀ ವಿದ್ಯೆಯು ನಿನಗೆ ಫಲಿಸದಿರಲೆಂದು ದೇವಯಾನಿಯು ಶಪಿಸಲು, ತಾನು ಕಲಿಸಿದವರಿಗಾದರೂ ಅದು ಫಲಿಸುವದೆಂದು ಅವನು ದಾರಿ ಕಂಡುಕೊಂಡನು. ಕಟ್ಟೂ ಉಂಟು, ಕಟ್ಟಿನೊಳಗೆ ಬಿಡುವೂ ಉಂಟು.

ಇಂಥ ಆಟವನ್ನು ಅಮೇರಿಕದ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಎಂಬವರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ಅಚ್ಚು ಹಾಕಿಸಿದರು. ಅಲ್ಲಿಯ ಮಾಂತ್ರಿಕನು ಬಾಯಿಪಾಠ ಮಾಡಿದ ಮಂತ್ರವನ್ನು ಒಮ್ಮೆ ನುಡಿದೊಡನೆ ಮರೆತುಬಿಡುವನು. (ನಮ್ಮ ವಿದ್ಯಾರ್ಥಿಗಳಿಗೆ ಈ ಸಿದ್ಧಿಯು ಪರೀಕ್ಷೆಯ ಮರುದಿನ ತಾನಾಗಿಯೇ ಒದಗುತ್ತಿತ್ತು.) ನಮಗೆ ಹೆಚ್ಚು ಮೆಚ್ಚಿಗೆಯಾದದ್ದು 1987ರ ‘ಆರ್ಸ್ ಮ್ಯಾಜಿಕಾ’ದ ಕ್ರಮ. ಸೃಷ್ಟಿಸು, ಅರಿ, ಮಾರ್ಪಡಿಸು, ಕೆಡಿಸು, ಆಳು ಎಂಬ ಐದು ಕ್ರಿಯೆಗಳು. ಬೆಂಕಿ, ನೀರು, ದೇಹ, ಮನಸ್ಸು ಮೊದಲಾದ ಹತ್ತು ವಿಷಯಗಳು. ಹದಿನೈದು ಪದಗಳಿಂದ ಐವತ್ತು ಜೋಡಿಗಳಾಗುವವು. ಒಂದೊಂದು ಜೋಡಿಯಲ್ಲಿ ಎಷ್ಟೋ ಮಂತ್ರಗಳು. ಧಾತು ಪ್ರತ್ಯಯಗಳನ್ನು ಕೂಡಿಸಿ ಕಾಲ ಕಳೆದ ನಮಗೆ ಇದು ತವರುಮನೆಯಂತೆ ತೋರಿತು.

ಮಕ್ಕಳನ್ನು ಕೂಡ್ರಿಸಿಕೊಂಡು ನಾವೂ ಕಟ್ಟಳೆ ಬರೆದೆವು. ಪ್ರತಿಯೊಬ್ಬರಿಗೆ ಒಂದೇ ಕ್ರಿಯೆ, ಎರಡು ವಿಷಯ. ಮಂತ್ರ ನುಡಿದವರು ಮುಂದಿನ ಎರಡು ಸರದಿಗಳಲ್ಲಿ ಬರಿಗೈಯವರು. ದೊಡ್ಡ ಕಾರ್ಯಕ್ಕೆ ಇಬ್ಬರ ಪದಗಳು ಕೂಡಬೇಕು. ಬರೆಯದೆ ಉಳಿದದ್ದನ್ನು ಎಲ್ಲರೂ ಕೂಡಿ ತೀರ್ಮಾನಿಸತಕ್ಕದ್ದು. ಹಿರಿಯವನು ‘ಕೆಡಿಸು’ ಎಂಬದನ್ನು ಹಿಡಿದನು. ಹುಡುಗಿಯು ‘ಅರಿ’ ಎಂಬದನ್ನೂ, ವಿಷಯಗಳಲ್ಲಿ ಧ್ವನಿಯನ್ನೂ ನೀರನ್ನೂ ಆರಿಸಿಕೊಂಡಳು.

ಆಟಕ್ಕೆ ನಮ್ಮ ಊರು ಅಯೋಗ್ಯ ನೆಲೆಯೇನಲ್ಲ. ಒಂದನೆಯ ಅಲೀ ಆದಿಲಶಹನ ಕಾಲದಲ್ಲಿ, 1570ರಲ್ಲಿ, ಇಲ್ಲಿ ‘ನುಜೂಮ್ ಅಲ್ ಉಲೂಮ್’ ಎಂಬ ಸಚಿತ್ರ ಗ್ರಂಥವು ಸಿದ್ಧವಾಯಿತು. ಗ್ರಹನಕ್ಷತ್ರಗಳೂ ತಾಯತಗಳೂ ಆಯುಧಗಳೂ ಅದರಲ್ಲಿವೆ. ಹಿಂದೂ, ಮುಸಲ್ಮಾನ ವಿದ್ಯೆಗಳು ಅಲ್ಲಿ ಬೆರೆತಿವೆ. ಅದೀಗ ಐರ್ಲಂಡಿನ ಡಬ್ಲಿನ್ನದಲ್ಲಿ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವದು. ಮಕ್ಕಳು ಅದೇ ಅಲೀಯ ಆಳಿಕೆಯನ್ನು ಕಥೆಯ ಕಾಲವೆಂದು ಆರಿಸಿದರು.

ಮರುದಿನ ಸಂಜೆ ಕಥಾನಾಯಕನು ಗೋಲಗುಮ್ಮಟದಲ್ಲಿ ಸೆರೆಯಾದನು. ಶತ್ರುಗಳು ಗುಮ್ಮಟದ ಆಚೆಯ ಮಗ್ಗುಲಲ್ಲಿ ಪಿಸುಗುಟ್ಟುತ್ತಿದ್ದರು. ಯಾವ ಗೋಡೆಯನ್ನು ಕೆಡಹಬೇಕೆಂಬದು ಹಿರಿಯವನಿಗೆ ತಿಳಿಯದು. ಆ ಗುಮ್ಮಟ ಮುಗಿದದ್ದು 1656ರಲ್ಲಿ, ಅಲೀಯ ಕಾಲಕ್ಕೆ ಅದರ ಅಡಿಗಲ್ಲೂ ಇರಲಿಲ್ಲವೆಂಬ ಮಾತು ನಮ್ಮ ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡೆವು. ಹಿರಿಯವನು ತಂಗಿಯತ್ತ ತಿರುಗಿ, “ನೀ ಕೇಳಿ ಹೇಳವಾ” ಎಂದನು. ಅವಳು ಕಣ್ಣು ಮುಚ್ಚಿ, ಕಿವಿಗೆ ಕೈ ಹಚ್ಚಿ, ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿದಳು.