ಕಿವಿಗೆ ಒದಗುವ ಗ್ರಂಥಗಳು

ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ನವಿ ಮುಂಬಯಿಯ ಬೇಲಾಪುರ; ಕಚೇರಿಯ ಈ ನಿತ್ಯಯಾತ್ರೆಯಲ್ಲಿ ಪುಸ್ತಕ ಬಿಚ್ಚಲು ಮೊಣಕೈಗೆ ಜಾಗವಿರದು. ಆದ್ದರಿಂದ ಕೆಲವು ವರ್ಷಗಳಿಂದ ಗ್ರಂಥಗಳನ್ನು ಕೇಳುತ್ತಿದ್ದೇನೆ. ಕೇಳಿದ್ದನ್ನು ಓದಿದ್ದೆಂದು ಎಣಿಸಬಹುದೇ ಎಂಬ ಆಕ್ಷೇಪ ಮೊದಲು ನನ್ನದೇ ಆಗಿತ್ತು.

ಅರ್ಥಶಾಸ್ತ್ರದ ಮಟ್ಟಿಗೆ ಅದು ಇಂದಿಗೂ ಉಳಿದಿದೆ. ಆಡಮ್ ಸ್ಮಿತ್‌ನ 1776ರ ಮಹಾಗ್ರಂಥದಲ್ಲಿ ಬೆಳ್ಳಿಯ ಬೆಲೆಯ ದೀರ್ಘ ಚರ್ಚೆ ಬಂದಾಗ, ಹಿಂದಿನ ಅಂಕಿಗೆ ಮರಳಲು ಪುಟವೇ ಇಲ್ಲ. ದಿವಾ ದಾಟುವಷ್ಟರಲ್ಲಿ ಎಳೆ ತಪ್ಪಿತು. ತತ್ತ್ವಶಾಸ್ತ್ರ ಹಾಗಲ್ಲ, ಪ್ಲೇಟೊ ಬರೆದದ್ದೇ ಸಂವಾದ. ವೆಲ್ಸ್‌ನ 1895ರ ‘ಟೈಮ್ ಮಷೀನ್’ ಕೂಡ ಅತಿಥಿಗಳಿಗೆ ಹೇಳಿದ ಕಥೆಯ ರೂಪದ್ದು. ಎಲ್ಲಕ್ಕಿಂತ ನನ್ನನ್ನು ಕಲಕಿದ್ದು ಅಂಬೇಡ್ಕರರ ‘ಜಾತಿವಿನಾಶ’. 1936ರಲ್ಲಿ ಲಾಹೋರಿನ ಸಮ್ಮೇಳನಕ್ಕೆಂದು ಬರೆದ ಭಾಷಣವದು. ಅದರ ವಿಚಾರಗಳಿಗೆ ಅಂಜಿ ಕರೆದವರೇ ಸಮ್ಮೇಳನವನ್ನು ರದ್ದುಪಡಿಸಿದರು. ಅವರು ಅದನ್ನು ಪುಸ್ತಕವಾಗಿ ಅಚ್ಚುಹಾಕಿಸಿದರು. ಸಭೆ ಸಿಗದ ಆ ಮಾತು ಕಿಕ್ಕಿರಿದ ಡಬ್ಬಿಯಲ್ಲಿ ಕಿವಿಗೆ ಬಿದ್ದಾಗ, ಹಿಂದೆ ಓದಿದ್ದಕ್ಕಿಂತ ಹರಿತವಾಗಿತ್ತು.

ಆದರೆ ಇವನ್ನೆಲ್ಲ ನಾನು ಕೇಳಿದ್ದು ಇಂಗ್ಲಿಷಿನಲ್ಲಿ. ಕನ್ನಡದ ಕಥೆ ಕಾದಂಬರಿಗಳಿಗೆ ದನಿ ಒದಗಿದೆ. ವಿಚಾರಗ್ರಂಥಗಳು ನನ್ನ ಕಿವಿಗೆ ಬಿದ್ದದ್ದು ವಿರಳ. ನನ್ನ ಮಗಳು ಮನೆಯಲ್ಲಿ ಅಚ್ಚ ಧಾರವಾಡದ ಕನ್ನಡ ಆಡುತ್ತಾಳೆ, ಅಕ್ಷರ ಮಾತ್ರ ಬಾರದು. ತಪ್ಪು ನನ್ನದೇ. ಕಲ್ಯಾಣ, ಠಾಣೆಗಳ ಎಷ್ಟೋ ಕನ್ನಡ ಮನೆಗಳಲ್ಲೂ ಇದೇ ಕಥೆ. ಡಿ.ವಿ.ಜಿ.ಯವರ ‘ರಾಜ್ಯಶಾಸ್ತ್ರ’ ಅವಳನ್ನು ಮುಟ್ಟುವುದಾದರೆ ಕಿವಿಯ ಮೂಲಕವೇ. ಹಕ್ಕುದಾರರ ಅನುಮತಿ ಪಡೆದು, ವಾರ್ಷಿಕೋತ್ಸವದ ಆರ್ಕೆಸ್ಟ್ರಾಕ್ಕೆ ತಗಲುವ ಹಣದಲ್ಲಿ ಅಂಥದೊಂದು ಗ್ರಂಥವನ್ನು ನಮ್ಮ ಸಂಘ ಓದಿಸಿ ಧ್ವನಿಮುದ್ರಿಸಬಾರದೇಕೆ? ಓದಲು ನಾನು ಸಿದ್ಧ. ಗಂಟಲು ಇನ್ನೂ ಗಟ್ಟಿಯಾಗಿದೆ.