ಭುಜ ಗಟ್ಟಿ ಇಲ್ಲ ಅನ್ನಬೇಡಿ, ಮೊದಲು ಬಟ್ ಅಳೀರಿ

(1/5)
ಎನ್‌ಸಿಸಿ ಕ್ಯಾಂಪ್. ಫೈರಿಂಗ್ ದಿನ. ಐದಡಿನೂ ಇಲ್ಲದ ನಮ್ಮ ಗೆಳತಿ ಮಲಗಿ ಐದು ಗುಂಡು ಹೊಡೆದ್ಲು. ಒಂದೂ ಗುರಿಗೆ ಬೀಳಲಿಲ್ಲ. ಹಿಂದಿನಿಂದ ಮಾತು ಬಂತು: "ಹುಡುಗೀರ ಭುಜಕ್ಕೆ ಇದೆಲ್ಲ ಆಗಲ್ಲ." ಎಲ್ರೂ ನಕ್ರು. ನಾನೂ ನಕ್ಕೆ. ಅದಕ್ಕೇ ಈ ಪೋಸ್ಟ್.

(2/5)
ಫಿಸಿಕ್ಸ್ ನೆನಪಿದ್ಯಾ? ಗುಂಡು ಮುಂದಕ್ಕೆ ಹೋದ್ರೆ ಬಂದೂಕು ಹಿಂದಕ್ಕೆ ಒದೆಯುತ್ತೆ. ನಮ್ಮ .22 ಗುಂಡು ಸುಮಾರು 2.6 ಗ್ರಾಂ. ಹಳೇ .303 ಗುಂಡು ಸುಮಾರು 11 ಗ್ರಾಂ, ವೇಗ ಎರಡು ಪಟ್ಟಿಗಿಂತ ಜಾಸ್ತಿ. ಅಂದ್ರೆ .22ರ ಒದೆತ ಅದರ ಹತ್ತರಲ್ಲಿ ಒಂದು ಪಾಲು. ಇದಕ್ಕೆ ಪೈಲ್ವಾನ್ ಭುಜ ಬೇಕಾ? ಮತ್ತೆ ಗುರಿ ತಪ್ಪಿದ್ಯಾಕೆ?

(3/5)
ಬಟ್ ಉದ್ದ. ಅಷ್ಟೇ. ಟ್ರಿಗರ್ ಮುಟ್ಟೋಕೆ ತೋಳು ಚಾಚಬೇಕು. ಬಟ್ ಭುಜದ ಗುಳಿ ಬಿಟ್ಟು ಮೂಳೆ ಮೇಲೆ ಜಾರುತ್ತೆ. ಕೆನ್ನೆ ಮರಕ್ಕೆ ತಾಗಲ್ಲ, ಸೈಟ್ ನೆಟ್ಟಗೆ ಕಾಣಲ್ಲ. ಬಟ್ ಒದೆತನ ಇಲ್ಲದಂಗೆ ಮಾಡಲ್ಲ, ಹಂಚುತ್ತೆ. ಪೂರ್ತಿ ಕೂತ್ರೆ ತಳ್ಳಿದಂಗೆ, ತುದಿ ಮಾತ್ರ ತಾಗಿದ್ರೆ ಗುದ್ದಿದಂಗೆ.
"ಬಟ್ಟೆ ಮಡಚಿ ಇಟ್ಕೋ" ಅಂತಾರೆ. ಚಳ್ಳಕೆರೆ ಕಂಬಳಿನೇ ಇಟ್ರೂ ಉದ್ದ ಬಟ್ ಇನ್ನೊಂದಿಷ್ಟು ಉದ್ದ ಆಗುತ್ತೆ!

(4/5)
ಇದು ಹೊಸ ವಿಷಯ ಅಲ್ಲ. ಬ್ರಿಟಿಷರ ಲೀ-ಎನ್‌ಫೀಲ್ಡ್ ರೈಫಲ್‌ಗೆ ನೂರು ವರ್ಷದ ಹಿಂದೆಯೇ ಉದ್ದ, ಸಾಧಾರಣ, ಗಿಡ್ಡ ಅಂತ ಬೇರೆ ಬೇರೆ ಅಳತೆಯ ಬಟ್ ಇತ್ತು. ಕುಳ್ಳ ಸಿಪಾಯಿಗೆ ಅಂತ ಇನ್ನೂ ಗಿಡ್ಡದ್ದು ಬೇರೆ. ಒಲಿಂಪಿಕ್ಸ್ ಶೂಟರ್‌ಗಳ ರೈಫಲ್‌ನಲ್ಲಿ ಬಟ್, ಕೆನ್ನೆ ಇಡೋ ಜಾಗ ಎರಡನ್ನೂ ಹಿಂದೆ ಮುಂದೆ, ಮೇಲೆ ಕೆಳಗೆ ಮಾಡ್ಕೋಬಹುದು. ಮೊಳಕಾಲ್ಮೂರಲ್ಲಿ ಮಗ್ಗದ ಮುಂದೆ ಕೂತವಳ ಕಾಲು ಎಟುಕದಿದ್ರೆ ಕೂರೋ ಜಾಗ ಸರಿ ಮಾಡ್ತಾರೆ. "ನಿನಗೆ ಸೀರೆ ನೇಯೋಕೆ ಬರಲ್ಲ" ಅನ್ನಲ್ಲ.

(5/5)
"ಶಿಸ್ತು ಅಂದ್ರೆ ಕೊಟ್ಟಿದ್ದಕ್ಕೆ ಹೊಂದ್ಕೊಳ್ಳೋದು" ಅನ್ನೋರಿಗೆ ಒಂದೇ ಪ್ರಶ್ನೆ: ಶೂ ಕೊಡುವಾಗ ಸೈಜ್ ಕೇಳ್ತೀರಲ್ಲ, ಯಾಕೆ?
ಚಳ್ಳಕೆರೆ ಹತ್ರ ಡಿಆರ್‌ಡಿಓ ಪೈಲಟ್ ಇಲ್ಲದ ವಿಮಾನ ಹಾರಿಸಿ ಪರೀಕ್ಷೆ ಮಾಡುತ್ತೆ. ಅದೇ ತಾಲ್ಲೂಕಿನ ಹುಡುಗಿಗೆ ಎರಡು ಇಂಚು ಗಿಡ್ಡದ ಮರದ ತುಂಡು ಸಿಗಲ್ವಾ? ಪ್ರತಿ ಫೈರಿಂಗ್‌ಗೂ ಗಿಡ್ಡ ಬಟ್‌ನ ಎರಡು ರೈಫಲ್ ಇಡಿ. ಆಮೇಲೂ ಗುರಿ ತಪ್ಪಿದ್ರೆ ಮಾತಾಡೋಣ.
ಗೆಳತಿ, ಅವತ್ತು ನಕ್ಕಿದ್ದಕ್ಕೆ ಸಾರಿ. ಮುಂದಿನ ಕ್ಯಾಂಪಿಗೆ ಬಾ. ಕೇಳೋಕೆ ನಾನೂ ಬರ್ತೀನಿ.

ನಿಮಗೂ ಹಿಂಗಾಗಿದ್ರೆ ಕಾಮೆಂಟ್ ಮಾಡಿ.
#ಚಳ್ಳಕೆರೆ #ಮೊಳಕಾಲ್ಮೂರು #ಎನ್‌ಸಿಸಿ #ಬಟ್‌ಅಳೀರಿ